ಟ್ರೆಂಚ್‌ಗೆ ‘ಕಂದಕ’ ಸರಿಯೇ? ಸ್ಟೇಲ್‌ಮೇಟ್‌ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ,

ಮೊದಲನೇ ಮಹಾಯುದ್ಧದ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಪದ ಕಾಡುತ್ತಿವೆ.

ಟ್ರೆಂಚ್‌ಗೆ ಎಲ್ಲರೂ ‘ಕಂದಕ’ ಅಂತಲೇ ಬರೆಯುತ್ತಾರೆ. ಆದರೆ ಕಂದಕ ಅಂದ್ರೆ ಕೋಟೆಯ ಸುತ್ತಲಿನದು, ಇಲ್ಲವೇ ಕಾಡಂಚಿನಲ್ಲಿ ಅರಣ್ಯ ಇಲಾಖೆಯವರು ತೋಡಿಸುವ ಆನೆ ಕಂದಕ ನೆನಪಾಗುತ್ತದೆ. ಎರಡೂ ಹೊರಗಿನವರನ್ನು ತಡೆಯಲಿಕ್ಕೆ. ಒಳಗೆ ಯಾರೂ ವಾಸ ಮಾಡುವುದಿಲ್ಲ. ಫ್ರಾನ್ಸ್, ಬೆಲ್ಜಿಯಂಗಳಲ್ಲಿ 1914ರಲ್ಲಿ ತೋಡಿದ್ದು ಹಾಗಲ್ಲ. ಸೈನಿಕರು ಅದರೊಳಗೇ ಉಂಡರು, ಮಲಗಿದರು, ನಿಂತು ಗುಂಡು ಹಾರಿಸಿದರು, ಕೆಸರಲ್ಲಿ ನಿಂತು ನಿಂತು ಕಾಲು ಕೊಳೆಸಿಕೊಂಡರು. ವೈರಿಯನ್ನು ತಡೆಯಲು ಎದುರಿಗೆ ಮುಳ್ಳುತಂತಿ ಬೇರೆ ಇತ್ತು. ಮಲೆನಾಡಿನ ‘ಅಗಳು’ ಕಿವಿಗೆ ಹಿತವಾಗಿದೆ, ಆದರೆ ಅದೂ ತೋಟದ ಕಾವಲಿಗೇ. ಜೊತೆಗೆ ಬಯಲುಸೀಮೆಯ ಮಕ್ಕಳು ಅನ್ನದ ಅಗಳು ಅಂದುಕೊಂಡಾರು!

ಸ್ಟೇಲ್‌ಮೇಟ್, ಅಂದರೆ ಯಾರೂ ಗೆಲ್ಲಲಾಗದೆ ಸಿಕ್ಕಿಹಾಕಿಕೊಳ್ಳುವ ಸ್ಥಿತಿ, ಇನ್ನೂ ಕಷ್ಟ. ಚೆಸ್‌ನಲ್ಲಿ ಹಾಗಾದರೆ ಆಟ ಅಲ್ಲಿಗೇ ಮುಗಿಯಿತು, ಡ್ರಾ. ಇಲ್ಲಿ ಮುಗಿಯಲೇ ಇಲ್ಲ. ‘ಸ್ಥಗಿತ’ ಅಂದರೆ ಎಲ್ಲರೂ ಸುಮ್ನೆ ಕೂತಿದ್ದರು ಅನ್ನಿಸುತ್ತದೆ. 1916ರ ಜುಲೈ 1ರಂದು ಫ್ರಾನ್ಸ್‌ನ ಸೋಮ್‌ನಲ್ಲಿ ಬ್ರಿಟಿಷ್ ಪಡೆಯಲ್ಲಿ ಒಂದೇ ದಿನ ಸತ್ತವರು 19,240 ಮಂದಿ. ಇದನ್ನು ಸ್ಥಗಿತ ಅನ್ನೋದು ಹೇಗೆ?

1914ರಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ಕಾಳಗದಲ್ಲಿ ಜರ್ಮನರ ಓಟ ನಿಂತ ಮೇಲೆ, ಎರಡೂ ಕಡೆಯವರು ಒಬ್ಬರನ್ನೊಬ್ಬರು ಸುತ್ತುವರಿದು ಹಿಂದಿನಿಂದ ಹೊಡೆಯಲು ಉತ್ತರಕ್ಕೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಸಮುದ್ರವನ್ನೇ ಮುಟ್ಟಿದರು. ಅಲ್ಲಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿ.ಮೀ. ಉದ್ದದ ಟ್ರೆಂಚ್ ಸಾಲು, ಸುತ್ತಿ ಹೋಗಲು ದಾರಿಯೇ ಇಲ್ಲ. ಸಾಲು ಒಡೆಯಲಾಗದ್ದಕ್ಕೆ ಎಲ್ಲರೂ ಮೆಷಿನ್‌ಗನ್ನನ್ನೇ ದೂರುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. 1915ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ನವ್ ಶಾಪೆಲ್ ಹಳ್ಳಿಯ ಮೇಲೆ ಬ್ರಿಟಿಷರು ದಾಳಿ ಮಾಡಿದಾಗ (ಭಾರತದ ಪಡೆಗಳೂ ಅದರಲ್ಲಿದ್ದವು) ಹಳ್ಳಿ ಮೊದಲ ದಿನವೇ ಕೈಗೆ ಬಂತು. ಅದರಾಚೆಗೆ ಹೋಗಲು ಆಗಲಿಲ್ಲ. ಶೆಲ್ ಬಿದ್ದು ಟೆಲಿಫೋನ್ ತಂತಿ ತುಂಡಾದರೆ ಮುಂದೆ ಏನಾಗುತ್ತಿದೆ ಅಂತ ಹಿಂದಿದ್ದ ಅಧಿಕಾರಿಗೆ ಗೊತ್ತಾಗುವುದೇ ತಡ, ಅಷ್ಟರಲ್ಲಿ ಎದುರಾಳಿ ಹೊಸ ಪಡೆ ತಂದು ನಿಲ್ಲಿಸಿರುತ್ತಿದ್ದ. ದಾಳಿ ಮಾಡುವವನು ಕಿತ್ತುಹೋದ ನೆಲದ ಮೇಲೆ ನಡೆಯಬೇಕು, ತಡೆಯುವವನಿಗೆ ಬೆನ್ನ ಹಿಂದೆ ರೈಲು. ಹಾಗಾಗಿ ಒಳಗೆ ನುಗ್ಗಬಹುದು, ಆಚೆ ಹಾಯಲಾಗದು. ಆ ಅರ್ಥ ಬರುವ ಪದ ಬೇಕು ನನಗೆ.

ಇದರಿಂದಲೇ ಮುಂದಿನದೆಲ್ಲ ಹುಟ್ಟಿದ್ದು ಅಲ್ವಾ? 1915ರಲ್ಲಿ ಬೆಲ್ಜಿಯಂನ ಈಪ್ರ್‌ನಲ್ಲಿ ಕ್ಲೋರಿನ್ ಗ್ಯಾಸ್, 1916ರಲ್ಲಿ ಟ್ಯಾಂಕ್, ನೆಲ ಗೆಲ್ಲುವುದಕ್ಕಿಂತ ಎದುರಾಳಿಯ ಜನ, ಸರಕನ್ನು ಖಾಲಿ ಮಾಡಿಸುವ ಲೆಕ್ಕಾಚಾರ. ಈ ಕೊನೆಯದಕ್ಕೆ ‘ಸವೆಸುವ ಯುದ್ಧ’ ಅಂತ ಹಾಕಿದ್ದೇನೆ, ನನಗೆ ಒಪ್ಪಿಗೆಯಾಗಿದೆ. 1917ರಲ್ಲಿ ಫ್ರೆಂಚ್ ಸೈನಿಕರು ಟ್ರೆಂಚ್ ಕಾಯುತ್ತೇವೆ, ದಾಳಿಗೆ ಮಾತ್ರ ಹೋಗಲ್ಲ ಅಂತ ತಿರುಗಿಬಿದ್ದರು.

ಇನ್ನೊಂದು. ಇಡೀ ಮಹಾಯುದ್ಧಕ್ಕೇ ‘ಕಂದಕ ಯುದ್ಧ’ ಅನ್ನುವುದು ಬೇಡ. ಪ್ಯಾಲೆಸ್ತೀನ್‌ನಲ್ಲಿ ತುರ್ಕರ ಸಾಲು ಒಡೆದ ಮೇಲೆ ಕುದುರೆ ಪಡೆ ಓಡಿತು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದಿದ್ದು ಹಾಗೆ.

ಸದ್ಯಕ್ಕೆ ‘ಟ್ರೆಂಚ್’ ಹಾಗೇ ಇಟ್ಟು, ಸ್ಟೇಲ್‌ಮೇಟ್‌ಗೆ ‘ಕಚ್ಚಿಕೊಂಡ ಕಾಳಗ’ ಅಂತ ಬರೆದಿದ್ದೇನೆ. ಮೈಸೂರು ಕಡೆಯವರಿಗೆ ಒಂದು ಪ್ರಶ್ನೆ: ಇಬ್ಬರೂ ಪೈಲ್ವಾನರು ಪಟ್ಟು ಹಾಕಿ, ಬಿಡದೆ, ಕೆಡವಲೂ ಆಗದೆ ನಿಂತಾಗ ಗರಡಿಮನೆಯಲ್ಲಿ ಅದಕ್ಕೆ ಏನಾದರೂ ಹೆಸರಿದೆಯಾ?