ದೊಡ್ಡ ಟೈರ್ ಹಾಕಿದ್ಮೇಲೆ ಮೈಲೇಜ್ ನಿಜವಾಗ್ಲೂ ಬಿತ್ತಾ, ಇಲ್ಲ ಮೀಟರ್ ತಪ್ಪು ತೋರಿಸ್ತಿದ್ಯಾ?

ತೋಟದ ಬೊಲೆರೊ, ಸಕಲೇಶಪುರ:
ಎಲ್ರಿಗೂ ನಮಸ್ಕಾರ. ನಂದು ಬೊಲೆರೊ, ಕಂಪನಿ ಟೈರ್ 215/75 ಆರ್15 ಇತ್ತು. ಮಳೆಗಾಲದಲ್ಲಿ ತೋಟದ ರಸ್ತೇಲಿ ಹಿಂದಿನ ಆಕ್ಸಲ್ ಹೌಸಿಂಗ್ ನೆಲಕ್ಕೆ ತಗಲ್ತಿತ್ತು ಅಂತ ಎರಡು ತಿಂಗಳ ಹಿಂದೆ 235/75 ಆರ್15 ಹಾಕ್ಸ್ದೆ. ಆವಾಗಿಂದ ಮೈಲೇಜ್ ಬಿದ್ದೋಗಿದೆ, ಮೊದ್ಲು ಲೀಟರ್‌ಗೆ 13.5 ಬರ್ತಿದ್ದಿದ್ದು ಈಗ 12.6, ಎರಡು ಸಲಾನೂ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ಒಂದೇ ಬಂಕಲ್ಲಿ ನೋಡಿದೀನಿ. ಟೈರ್ ಅಂಗಡಿಯೋರು ಏನೂ ವ್ಯತ್ಯಾಸ ಆಗಲ್ಲ ಅಂದಿದ್ರು. ಈಗ ಒಬ್ರು ಇಂಜೆಕ್ಟರ್ ಕ್ಲೀನ್ ಮಾಡ್ಸಿ ಅಂತಾರೆ, ಇನ್ನೊಬ್ರು ಕ್ಲಚ್ ಹೋಗಿರ್ಬೇಕು ಅಂತಾರೆ. ದುಡ್ಡು ಹಾಕೋಕೆ ಮುಂಚೆ ಗೊತ್ತಿರೋರು ಹೇಳಿ.

ಹಾಸನ ಗ್ಯಾರೇಜ್:
ಸರ್ ಇಂಜೆಕ್ಟರ್ ಮುಟ್ಟಿಸ್ಬೇಡಿ. ಮೊದ್ಲು ಲೆಕ್ಕ ನೋಡಿ. 215 ಅಂದ್ರೆ ಟೈರ್ ಅಗಲ ಮಿ.ಮೀ.ನಲ್ಲಿ, ಅದ್ರಲ್ಲಿ ಶೇಕಡ 75 ಅಂದ್ರೆ ಟೈರ್ ಗೋಡೆ ಎತ್ತರ 161.25 ಮಿ.ಮೀ., ಮೇಲೆ ಕೆಳಗೆ ಸೇರಿ 322.5, ಅದಕ್ಕೆ 15 ಇಂಚಿನ ರಿಮ್ಮು 381 ಸೇರ್ಸಿದ್ರೆ ಒಟ್ಟು 703.5. ನೀವು ಹಾಕ್ಸಿರೋದು ಅದೇ ಲೆಕ್ಕದಲ್ಲಿ 733.5. ಅಂದ್ರೆ ಶೇಕಡ 4.3 ದೊಡ್ಡದು. ಚಕ್ರ ಒಂದು ಸುತ್ತು ತಿರುಗಿದ್ರೆ ಗಾಡಿ ಮೊದ್ಲಿಗಿಂತ ಅಷ್ಟು ಜಾಸ್ತಿ ಮುಂದೆ ಹೋಗತ್ತೆ, ಆದ್ರೆ ಮೀಟರ್ರು ಸುತ್ತು ಎಣಿಸೋದು ಅಷ್ಟೇ, ಅದಕ್ಕೆ ಟೈರ್ ಬದ್ಲಾಗಿದ್ದು ಗೊತ್ತಿಲ್ಲ. ನಿಮ್ಮ 12.6ನ 1.043ರಿಂದ ಗುಣಿಸಿ, 13.1 ಬರತ್ತೆ. ಬಿದ್ದಿದೆ ಅಂತ ನೀವಂದ್ಕೊಂಡಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಮೀಟರ್ ಲೆಕ್ಕ ಕಣ್ರೀ. ಉಳಿದಿದ್ದು ಅಗಲ, ತೂಕ ಜಾಸ್ತಿ ಆಗಿದ್ದಕ್ಕೆ ಹೋಗಿರತ್ತೆ.

ಪುತ್ತೂರು ಜೀಪ್:
ಒಂದು ಪ್ರಶ್ನೆ ಉಂಟು. ಹಳೆ ಟೈರ್ ತೆಗೆಯುವಾಗ ಹೇಗಿತ್ತು, ಬೋಳಾಗಿತ್ತಾ?

ತೋಟದ ಬೊಲೆರೊ, ಸಕಲೇಶಪುರ:
ಹೌದು, ಪೂರ್ತಿ ಸವೆದಿತ್ತು, ಅದಕ್ಕೇ ಹೇಗೂ ಹೊಸದು ಹಾಕ್ಬೇಕಲ್ಲ ಅಂತ ದೊಡ್ಡದೇ ಹಾಕ್ಸಿದ್ದು.

ಪುತ್ತೂರು ಜೀಪ್:
ಹಾಗಾದ್ರೆ ನಿಮ್ಮ ಆ 13.5 ಕೂಡ ಸರಿ ಅಲ್ಲ ಮಾರಾಯ್ರೆ. ಹೊಸ ಟೈರ್‌ಗೆ ಎಂಟೊಂಬತ್ತು ಮಿ.ಮೀ. ಟ್ರೆಡ್, ಅಂದ್ರೆ ಮೇಲಿನ ಗೆರೆಯ ಆಳ, ಇರ್ತದೆ, ಬೋಳಾಗುವಾಗ ಒಂದೆರಡು ಉಳಿತದೆ, ಎರಡೂ ಕಡೆ ಸೇರಿ ವ್ಯಾಸದಲ್ಲಿ 13 ಮಿ.ಮೀ. ಹೋಯ್ತು ಅಂತ ಇಟ್ಕೊಳ್ಳಿ, ಅದು ಶೇಕಡ 1.8. ಸಣ್ಣ ಚಕ್ರ ಜಾಸ್ತಿ ಸುತ್ತು ತಿರುಗ್ತದೆ, ಮೀಟರ್ 100 ತೋರಿಸುವಾಗ ನೀವು ಓಡಿದ್ದು 98 ಚಿಲ್ಲರೆ. ನಿಮ್ಮ ನಿಜವಾದ ಹಳೆ ಮೈಲೇಜ್ 13.25ರ ಹತ್ತಿರ. ಈಗ 13.1. ವ್ಯತ್ಯಾಸ ಎಲ್ಲಿ ಉಂಟು ಹೇಳಿ? ಬೋಳು ಟೈರಿನ ಲೆಕ್ಕವನ್ನು ಹೊಸ ದೊಡ್ಡ ಟೈರಿನ ಲೆಕ್ಕದ ಪಕ್ಕ ಇಟ್ಟು ಗಾಬರಿ ಆಗುವವರು ತುಂಬಾ ಜನ, ಒಬ್ಬನಾದ್ರೂ ಹಳೆ ಟೈರ್ ಯಾವ ಸ್ಥಿತಿಯಲ್ಲಿತ್ತು ಅಂತ ಹೇಳುವುದಿಲ್ಲ.

ಹಾಸನ ಗ್ಯಾರೇಜ್:
ಇದು ನಂಗೂ ಹೊಳೆದಿರ್ಲಿಲ್ಲ, ಸರಿಯಾಗಿ ಹೇಳಿದ್ರಿ.

ಬೆಂಗಳೂರು ವೀಕೆಂಡ್ ಡ್ರೈವ್:
ನನ್ ಪ್ರಕಾರ ಏನೂ ಮಾಡಿಸೋದೇ ಬೇಡ. ಕಂಪನಿ ಸ್ಪೀಡೋಮೀಟರ್ ಬೇಕಂತ್ಲೇ ಸ್ವಲ್ಪ ಜಾಸ್ತಿ ತೋರಿಸತ್ತೆ. ವಿಶ್ವಸಂಸ್ಥೆಯ 39ನೇ ರೆಗ್ಯುಲೇಷನ್ ಅಂತ ಇದೆ, ಅದ್ರಲ್ಲಿ ಮೀಟರ್ ಯಾವತ್ತೂ ನಿಜವಾದ ಸ್ಪೀಡ್‌ಗಿಂತ ಕಡಿಮೆ ತೋರಿಸ್ಬಾರ್ದು, ಜಾಸ್ತಿ ತೋರಿಸಿದ್ರೆ ಶೇಕಡ 10 ಮತ್ತೆ ಮೇಲೆ 4 ಕಿ.ಮೀ. ತನಕ ಆಗ್ಬೋದು ಅಂತಿದೆ. ನನ್ ಗಾಡೀಲಿ ಮೀಟರ್ 80 ಇದ್ದಾಗ ಜಿಪಿಎಸ್‌ನಲ್ಲಿ 76 ಇತ್ತು, ನಾನೂ ಶೇಕಡ 4 ದೊಡ್ಡ ಟೈರ್ ಹಾಕ್ಸಿದ್ಮೇಲೆ 79 ಆಯ್ತು. ಮೀಟರ್ ಇನ್ನೂ ಸರಿಯಾಯ್ತು ತಾನೆ?

ಹಾಸನ ಗ್ಯಾರೇಜ್:
ಸ್ಪೀಡ್ ಮಾತ್ರ ಸರಿಯಾಯ್ತು ಸರ್, ಕಿಲೋಮೀಟರ್ ಕೆಟ್ಟೋಯ್ತು. ಇದನ್ನ ಎಲ್ರೂ ಒಂದೇ ಅಂತ ಕಲಸಿಬಿಡ್ತಾರೆ. ಎರಡಕ್ಕೂ ಸೆನ್ಸರ್‌ನಿಂದ ಬರೋ ಪಲ್ಸ್, ಅಂದ್ರೆ ಸುತ್ತು ಎಣಿಸೋ ಸಿಗ್ನಲ್, ಒಂದೇ, ಆದ್ರೆ ಆ ಜಾಸ್ತಿ ತೋರಿಸೋದನ್ನ ಕಂಪನಿಯೋರು ಸ್ಪೀಡ್ ಮುಳ್ಳಿಗೆ ಮಾತ್ರ ಇಟ್ಟಿರ್ತಾರೆ, ಕಿಲೋಮೀಟರ್ ಎಣಿಸೋ ಓಡೋಮೀಟರ್ ಸುಮಾರಾಗಿ ಕರೆಕ್ಟಾಗೇ ಇರತ್ತೆ. ದೊಡ್ಡ ಟೈರ್ ಹಾಕಿದ್ರೆ ತಪ್ಪಾಗಿದ್ದ ಮುಳ್ಳು ಸರಿಯಾಗತ್ತೆ, ಸರಿಯಾಗಿದ್ದ ಓಡೋಮೀಟರ್ ಕಡಿಮೆ ಓಡತ್ತೆ.

ಹುಬ್ಬಳ್ಳಿ ಪಿಕಪ್:
ಬಾಡಿಗಿ ಹೊಡಿಯೋರಿಗೆ ಇದು ಸಣ್ಣ ವಿಷಯ ಅಲ್ರೀ. ನಾನೂ ಇಷ್ಟ ದೊಡ್ಡ ಟೈರ್ ಹಾಕ್ಸೀನಿ, ಕಿಲೋಮೀಟರ್ ಲೆಕ್ಕದಾಗ ರೊಕ್ಕ ತಗೊಳ್ಳಾಂವ. ಮೀಟರ್ 1000 ತೋರಿಸಿದ್ರ ಗಾಡಿ 1043 ಓಡಿರತೈತಿ, ಆ 43 ಕಿಲೋಮೀಟರಿಗೆ ಡೀಸೆಲ್ ನಂದು, ಬಾಡಿಗಿ ಇಲ್ಲ. ಒಂದು ವರ್ಷ ಗೊತ್ತಿಲ್ಲದ ಹಂಗ ಓಡಿಸೀನಿ, ಮನಸ್ಸಿಗೆ ಭಾಳ ಬ್ಯಾಸರಾತು. ಆಯಿಲ್ ಬದಲಿ ಮಾಡೂದೂ ತಡ ಆಗತೈತಿ, ಮೀಟರ್‌ನ್ಯಾಗ 10,000 ಅಂದ್ರ ಗಾಡಿ 10,400 ದಾಟಿರತೈತಿ. ಇನ್ನೊಂದು, ನಮ್ಮಂಥ ಸರಕಿನ ಗಾಡಿಗೆ 80ರ ಸ್ಪೀಡ್ ಗವರ್ನರ್ ಇರತೈತಲ್ರೀ, ಅದೂ ಅದ ಪಲ್ಸ್ ಮ್ಯಾಲ ನಡೀತಿದ್ರ ಅದು 80 ಅಂತ ಹಿಡಿಯೂದ್ರಾಗ ಗಾಡಿ 83 ಹೊಂಟಿರತೈತಿ.

ತೋಟದ ಬೊಲೆರೊ, ಸಕಲೇಶಪುರ:
ಹಾಗಾದ್ರೆ ಸರಿ ಮಾಡ್ಸೋದು ಹೇಗೆ ಅಣ್ಣ? ಆನ್‌ಲೈನಲ್ಲಿ ಒಂದು ಡಬ್ಬಿ ಸಿಗತ್ತೆ, ವೈರ್ ಮಧ್ಯ ಹಾಕಿದ್ರೆ ಆಯ್ತು ಅಂತಾರೆ.

ಹಾಸನ ಗ್ಯಾರೇಜ್:
ಡಬ್ಬಿ ಕೆಲ್ಸ ಮಾಡತ್ತೆ, ಸೆನ್ಸರ್‌ನಿಂದ ಬರೋ ಪಲ್ಸನ್ನ ನಾವು ಹೇಳಿದಷ್ಟು ಹೆಚ್ಚಿಸಿ ಮೀಟರ್‌ಗೆ ಕಳಿಸತ್ತೆ, 1.043 ಅಂತ ಇಟ್ರೆ ಮುಗೀತು. ಆದ್ರೆ ನಿಮ್ಮ ಗಾಡೀಲಿ ಮೀಟರ್‌ಗೆ ಸಿಗ್ನಲ್ ಎಲ್ಲಿಂದ ಬರ್ತಿದೆ ಅಂತ ಮೊದ್ಲು ನೋಡಿಸಿ. ಗೇರ್‌ಬಾಕ್ಸ್ ಸೆನ್ಸರ್‌ನಿಂದ ಒಂದು ವೈರ್ ನೇರ ಮೀಟರ್‌ಗೆ ಹೋಗಿದ್ರೆ ಸುಲಭ. ಚಕ್ರದ ಎಬಿಎಸ್ ಸೆನ್ಸರ್‌ನಿಂದ ಬರ್ತಿದ್ರೆ ದಯವಿಟ್ಟು ಆ ವೈರ್ ಕತ್ತರಿಸ್ಬೇಡಿ, ಬ್ರೇಕ್ ವಿಷ್ಯ ಅದು. ಅಂಥ ಗಾಡೀಲಿ ಸ್ಕ್ಯಾನರ್ ಹಾಕಿ ಟೈರ್ ಸುತ್ತಳತೆ ಬದ್ಲಾಯಿಸೋಕೆ ಆಪ್ಷನ್ ಇದ್ರೆ ಮಾಡ್ಸಿ, ಇಲ್ದಿದ್ರೆ ಸುಮ್ನೆ ಬಿಡಿ.

ಪುತ್ತೂರು ಜೀಪ್:
ನನ್ನ ಹಳೆ ಮಹೀಂದ್ರಾ ಎಂಎಂ540 ಜೀಪಿನಲ್ಲಿ ಕೇಬಲ್ ಮೀಟರ್. ಕೇಬಲ್ ತುದಿಯಲ್ಲಿ ಸಣ್ಣ ಹಲ್ಲಿನ ಗೇರ್ ಉಂಟಲ್ಲ, 20 ಹಲ್ಲಿನದ್ದು ತೆಗೆದು 19 ಹಲ್ಲಿನದ್ದು ಹಾಕಿದ್ರೆ ಕೇಬಲ್ ಶೇಕಡ 5 ಜೋರಾಗಿ ತಿರುಗ್ತದೆ, ಅಷ್ಟೇ ಕೆಲಸ. ಆದ್ರೂ ಯಾವುದೇ ಗಾಡಿ ಇರ್ಲಿ, ಲೆಕ್ಕವನ್ನು ನಂಬಿ ಡಬ್ಬಿ ಸೆಟ್ ಮಾಡ್ಬೇಡಿ, ರಸ್ತೆಯಲ್ಲಿ ಅಳೆದು ನೋಡಿ. ಸೈಡಲ್ಲಿ ಬರೆದ ಸೈಜ್ ಒಂದೇ ಇದ್ರೂ ಎರಡು ಕಂಪನಿ ಟೈರ್ ಒಂದೇ ಎತ್ತರ ಇರುವುದಿಲ್ಲ.

ಬೆಂಗಳೂರು ವೀಕೆಂಡ್ ಡ್ರೈವ್:
ಅಳೆಯೋಕೆ ಮೊಬೈಲ್ ಜಿಪಿಎಸ್ ಸಾಕಲ್ವಾ?

ಪುತ್ತೂರು ಜೀಪ್:
ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಸಾಕು. ಶಿರಾಡಿ ಘಾಟಿಯಲ್ಲಿ ಮರದಡಿ ತಿರುವಿನಲ್ಲಿ ಮಾಡಿದ್ರೆ ಆಗುವುದಿಲ್ಲ, ತಿರುವನ್ನು ಅದು ಕತ್ತರಿಸಿ ನೇರ ಗೆರೆ ಎಳೀತದೆ, ದೂರ ಕಡಿಮೆ ಬರ್ತದೆ.

ತೋಟದ ಬೊಲೆರೊ, ಸಕಲೇಶಪುರ:
ನಿನ್ನೆ ಮಾಡ್ದೆ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೈವೇಲಿ ಕಿಲೋಮೀಟರ್ ಕಲ್ಲು ನೋಡ್ಕೊಂಡು 20 ಕಿ.ಮೀ. ಹೋದೆ, ಮೀಟರ್‌ನಲ್ಲಿ 19.3. ಅಂದ್ರೆ ವ್ಯತ್ಯಾಸ ಶೇಕಡ 3.6, ಲೆಕ್ಕದಲ್ಲಿ ಬಂದ 4.3 ಅಲ್ಲ. ವಾಪಸ್ ಬರ್ತಾನೂ 19.3ಏ ಬಂತು. 12.6ನ 1.036ರಿಂದ ಗುಣಿಸಿದ್ರೆ 13.05. ಹಳೇದು 13.25 ಅಂತ ಇಟ್ಕೊಂಡ್ರೆ ಲೀಟರ್‌ಗೆ 200 ಮೀಟರ್ ಅಷ್ಟೇ ಹೋಗಿರೋದು! ಇಂಜೆಕ್ಟರ್‌ಗೆ ಅಂತ ಎತ್ತಿಟ್ಟ ದುಡ್ಡು ಉಳೀತು, ತುಂಬಾ ಥ್ಯಾಂಕ್ಸ್. ಆದ್ರೆ ಘಾಟೀಲಿ ಲೋಡ್ ಇದ್ದಾಗ ಎರಡನೇ ಗೇರಲ್ಲಿ ಎಳೀತಿದ್ದ ಕಡೆ ಈಗ ಸ್ವಲ್ಪ ತಿಣುಕತ್ತೆ, ಅದು ನಿಜ.

ಹಾಸನ ಗ್ಯಾರೇಜ್:
ಅದು ಇದ್ದೇ ಇರತ್ತೆ ಸರ್, ಟೈರ್ ಎತ್ತರ ಆದ್ರೆ ಎಲ್ಲಾ ಗೇರೂ ಅಷ್ಟು ಎತ್ತರ ಆದಂಗೆ, ಅಂದ್ರೆ ಎಳೆಯೋ ಶಕ್ತಿ ಕಡಿಮೆ, ಡಬ್ಬಿ ಹಾಕಿದ್ರೂ ಅದು ಸರಿ ಹೋಗಲ್ಲ. ನಿಮಗೆ ಡಬ್ಬಿ ಬೇಡ ಅನ್ಸತ್ತೆ, 3.6ಕ್ಕೆ ವೈರಿಂಗ್ ಮುಟ್ಟಿಸೋದು ಯಾಕೆ. ಹುಬ್ಬಳ್ಳಿ ಅಣ್ಣಂಗೆ ಬೇಕೇ ಬೇಕು. ಮತ್ತೆ ಒಟ್ಟು ವ್ಯಾಸ 31 ಇಂಚಿರೋ ಟೈರ್ ಹಾಕ್ಸೋರಿಗೂ ಬೇಕು, 787 ಮಿ.ಮೀ. ಅಂದ್ರೆ ಶೇಕಡ 12 ದೊಡ್ಡದಾಯ್ತು, ಆವಾಗ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸೋಕೆ ಶುರುವಾಗತ್ತೆ, ಮೈಸೂರು ಹೈವೇಲಿ 95 ಅಂತ ನೋಡ್ಕೊಂಡು ಹೋದ್ರೂ ಕ್ಯಾಮೆರಾಗೆ 100 ದಾಟಿರತ್ತೆ. ಆ ಸೈಜ್ ಹಾಕ್ಸೋರು ಕಾನೂನೂ ನೋಡ್ಕೋಬೇಕು, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟಿರೋದನ್ನ ಮನಸ್ಸಿಗೆ ಬಂದಂಗೆ ಬದ್ಲಾಯಿಸೋ ಹಂಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಹುಬ್ಬಳ್ಳಿ ಪಿಕಪ್:
ಸಕಲೇಶಪುರ ಸರ್, ಗಾಡಿ ಮಾರೂ ಮುಂದ ತಗೊಳ್ಳೋರಿಗೆ ಈ ಲೆಕ್ಕ ಹೇಳ್ರಿ. ಮೀಟರ್ ಕಡಿಮಿ ಓಡಿದ್ದು ಅವ್ರಿಗೆ ಗೊತ್ತಾಗೂದಿಲ್ಲ.

ತೋಟದ ಬೊಲೆರೊ, ಸಕಲೇಶಪುರ:
ಖಂಡಿತ. ಟೈರ್ ಹಾಕ್ಸಿದ ದಿನದ ರೀಡಿಂಗ್ ಬಿಲ್ ಮೇಲೇ ಇದೆ, ಅದನ್ನ ಸರ್ವಿಸ್ ಬುಕ್ಕಲ್ಲಿ ಬರೆದಿಟ್ಟೆ, ಪಕ್ಕದಲ್ಲಿ 1.036 ಅಂತನೂ. ಆಯಿಲ್ ಇನ್ಮೇಲೆ ಮೀಟರ್‌ನಲ್ಲಿ 9,600ಕ್ಕೇ ಬದ್ಲಾಯಿಸ್ತೀನಿ.

ಪುತ್ತೂರು ಜೀಪ್:
ಸ್ಟೆಪ್ನಿ ಯಾವ ಸೈಜ್ ಉಂಟು? ಹಳೆ 215ಏ ಇದ್ರೆ ಅದನ್ನು ಹಿಂದಿನ ಆಕ್ಸಲ್‌ಗೆ ಹಾಕಿ ದೂರ ಓಡಿಸ್ಬೇಡಿ, ಎರಡು ಚಕ್ರ ಬೇರೆ ಬೇರೆ ಸುತ್ತಿದ್ರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಕೆಲಸ ಮಾಡ್ತಾ ಇರ್ತದೆ.

ತೋಟದ ಬೊಲೆರೊ, ಸಕಲೇಶಪುರ:
ಹಳೇದೇ ಇದೆ. ಈ ವಾರ ಐದನೇದೂ ತಗೋತೀನಿ.