ಪುಣೆಯ ಚಳಿಗಾಲದ ದಿನದಾಖಲೆ: ಬಾಲ್ಕನಿಯ ಅಂಕಿಗೂ ಶಿವಾಜಿನಗರದ ಅಂಕಿಗೂ ಇಷ್ಟು ಅಂತರ ಏಕೆ?

ಪ್ರಶ್ನೆ: ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಿವೃತ್ತಿಯ ನಂತರ ಬಾಲ್ಕನಿಯಲ್ಲಿ ಡಿಜಿಟಲ್ ಉಷ್ಣಮಾಪಕವೊಂದನ್ನು ತೂಗುಹಾಕಿ, ದಿನದ ಕನಿಷ್ಠ ಮತ್ತು ಗರಿಷ್ಠ ಉಷ್ಣಾಂಶವನ್ನು ವಹಿಯಲ್ಲಿ ಬರೆದಿಡುತ್ತಿದ್ದೇನೆ. ಈ ಜನವರಿಯಲ್ಲಿ ಹವೆ ಒಂದೇ ತೆರನಾಗಿ ನಿಂತಿಲ್ಲ. ಒಂದು ವಾರ ಹಲ್ಲು ಕಟಕಟಿಸುವ ಥಂಡಿ ಇದ್ದರೆ, ಮರುವಾರ ಮೋಡ ಕವಿದು ರಾತ್ರಿ ಫ್ಯಾನ್ ಹಾಕಿಕೊಳ್ಳುವಷ್ಟು ಸೆಕೆ ಇರುತ್ತದೆ. ಮತ್ತೆರಡು ದಿನಕ್ಕೆ ಶಾಲು ಹೊರಬರುತ್ತದೆ. ನನ್ನ ತೊಡಕು ಏನೆಂದರೆ, ಥಂಡಿಯ ದಿನಗಳಲ್ಲಿ ನನ್ನ ಕನಿಷ್ಠ ಉಷ್ಣಾಂಶ ಹವಾಮಾನ ಇಲಾಖೆಯ ಶಿವಾಜಿನಗರ ವೀಕ್ಷಣಾಲಯದ್ದಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿರುತ್ತದೆ, ಮೋಡದ ದಿನಗಳಲ್ಲಿ ಮಾತ್ರ ಎರಡೂ ಹತ್ತಿರ ಹತ್ತಿರ ಬರುತ್ತವೆ. ವಿಮಾನ ನಿಲ್ದಾಣವಿರುವ ಲೋಹಗಾಂವ್‌ನ ಅಂಕಿ ಇನ್ನೂ ಬೇರೆ. ನನ್ನ ಅಂಕಿಗಳಿಂದ ಒಂದಿಷ್ಟನ್ನು ಕಳೆದು ಬರೆಯಬೇಕೇ? ಬಾಲ್ಕನಿಯ ಇಂಥ ದಾಖಲೆಯಿಂದ ಯಾರಿಗಾದರೂ ಉಪಯೋಗವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪಾಷಾಣ, ಪುಣೆ

ಕೋಥ್ರೂಡಿನ ಹಿರಿಯರಿಗೆ ನಮಸ್ಕಾರ. ದಯವಿಟ್ಟು ಏನನ್ನೂ ಕಳೆಯಬೇಡಿ. ಥಂಡಿಯ ದಿನ ಅಂತರ ಹಿಗ್ಗಿ ಮೋಡದ ದಿನ ಕುಗ್ಗುತ್ತದೆ ಎಂದು ತಾವೇ ಬರೆದಿದ್ದೀರಿ. ಹಾಗಿರುವಾಗ ಎಲ್ಲ ದಿನಕ್ಕೂ ಒಂದೇ ಅಂಕಿಯನ್ನು ಕಳೆದರೆ ತಮ್ಮ ದಾಖಲೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗವೇ ಅಳಿಸಿಹೋಗುತ್ತದೆ.

ಆಕಾಶ ನಿರ್ಮಲವಾಗಿದ್ದು, ಗಾಳಿ ನಿಂತು, ನೆಲ ಒಣಗಿರುವ ರಾತ್ರಿಗಳಲ್ಲಿ ಭೂಮಿ ಹಗಲಿನ ಕಾವನ್ನು ತಡೆಯಿಲ್ಲದೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಸುತ್ತಲಿನ ಗುಡ್ಡಗಳಿಂದ ಇಳಿಜಾರಿನುದ್ದಕ್ಕೂ ಜಾರಿ ನದೀಪಾತ್ರದ ತಗ್ಗಿನಲ್ಲಿ ನಿಲ್ಲುತ್ತದೆ. ಶಿವಾಜಿನಗರದ ವೀಕ್ಷಣಾಲಯ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಅಂಥ ತಗ್ಗಿನಲ್ಲಿದೆ, ಕೃಷಿ ಕಾಲೇಜಿನ ಬಯಲೂ ಹತ್ತಿರದಲ್ಲೇ ಇದೆ. ಲೋಹಗಾಂವ್ ಅದಕ್ಕಿಂತ ಎತ್ತರದ ಬಯಲಿನಲ್ಲಿದೆ. ಇಲಾಖೆಯ ಇನ್ನೊಂದು ಮಾಪನ ಕೇಂದ್ರವಿರುವ ಮಗರಪಟ್ಟಾದ ಸುತ್ತ ಕಾಂಕ್ರೀಟ್ ಕಟ್ಟಡಗಳಿವೆ. ಆದ್ದರಿಂದ ಒಂದೇ ಊರಿನಲ್ಲಿ ಒಂದೇ ಬೆಳಗ್ಗೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಬರುವುದು ಇಲ್ಲಿ ತೀರಾ ಸಾಮಾನ್ಯ. ತಮ್ಮ ಬಾಲ್ಕನಿಯ ಹಿಂದೆ ಹಗಲೆಲ್ಲ ಬಿಸಿಲುಂಡ ಗೋಡೆಯೊಂದು ಬೇರೆ ಇದೆ. ಮೋಡ ಬಂದ ರಾತ್ರಿ ನೆಲದ ಕಾವು ಮೇಲಕ್ಕೆ ಹೋಗದೆ ಮರಳಿ ಕೆಳಗೇ ಬರುವುದರಿಂದ ತಗ್ಗು, ದಿಬ್ಬ, ಗೋಡೆ ಎಲ್ಲ ಸಮನಾಗುತ್ತವೆ, ಅಂಕಿಗಳು ಹತ್ತಿರವಾಗುತ್ತವೆ. ಶಿವಾಜಿನಗರದಲ್ಲಿ 17 ಜನವರಿ 1935ರಂದು ಉಷ್ಣಾಂಶ 1.7 ಡಿಗ್ರಿಗೆ ಇಳಿದದ್ದು ಇಂದಿಗೂ ಅಲ್ಲಿನ ಅತಿ ಕಡಿಮೆ ಉಷ್ಣಾಂಶದ ದಾಖಲೆಯಾಗಿ ಉಳಿದಿದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಹವಾಮಾನ ಇಲಾಖೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ; ಕನಿಷ್ಠ ಉಷ್ಣಾಂಶವನ್ನು ಬೆಳಗಿನ 8.30ಕ್ಕೆ ಓದಿ ಆ ದಿನಾಂಕಕ್ಕೆ ಬರೆಯುತ್ತಾರೆ. ಡಿಜಿಟಲ್ ಯಂತ್ರಗಳು ಹೆಚ್ಚಾಗಿ ನಡುರಾತ್ರಿ 12ಕ್ಕೆ ಸೊನ್ನೆಯಿಂದ ಆರಂಭಿಸುತ್ತವೆ. ಹವೆ ಸ್ಥಿರವಾಗಿರುವಾಗ ಇದರಿಂದ ತೊಂದರೆಯಿಲ್ಲ. ಆದರೆ ಮಂಗಳವಾರ ಬೆಳಗ್ಗೆ ಮೋಡವಿದ್ದು 17 ಡಿಗ್ರಿ ಇತ್ತೆನ್ನಿ, ಅಂದೇ ಸಂಜೆ ಮೋಡ ಚದುರಿ ಉತ್ತರದ ಗಾಳಿ ಬಂದು ರಾತ್ರಿ 12ರ ಹೊತ್ತಿಗೆ 13ಕ್ಕೆ ಇಳಿಯಿತೆನ್ನಿ. ತಮ್ಮ ಯಂತ್ರ ಮಂಗಳವಾರದ ಕನಿಷ್ಠ 13 ಎಂದು ತೋರಿಸುತ್ತದೆ, ಬೆಳಗಿನ ಆ 17 ಎಲ್ಲಿಯೂ ಉಳಿಯುವುದಿಲ್ಲ. ಥಂಡಿ ಒಂದು ದಿನ ಮೊದಲೇ ಬಂದಂತೆ ವಹಿಯಲ್ಲಿ ಕಾಣುತ್ತದೆ. ಬೆಳಗ್ಗೆ 8.30ಕ್ಕೆ ಓದಿ, ಕೈಯಿಂದಲೇ ಗುಂಡಿ ಒತ್ತಿ ಹೊಸದಾಗಿ ಆರಂಭಿಸುವ ರೂಢಿ ಇಟ್ಟುಕೊಳ್ಳಿ. ಸಾಧ್ಯವಾದರೆ ಮಾಪಕವನ್ನು ಗೋಡೆಯಿಂದ ದೂರ, ಉತ್ತರದ ಕಡೆಗೆ, ನೇರ ಬಿಸಿಲು ಬೀಳದಂತೆ ಇಡಿ. ವೀಕ್ಷಣಾಲಯದಲ್ಲಿ ಉಷ್ಣಮಾಪಕಗಳನ್ನಿಡುವ ಬಿಳಿಯ ಸ್ಟೀವನ್ಸನ್ ಪೆಟ್ಟಿಗೆಯ ಬಾಗಿಲು ಉತ್ತರಕ್ಕೆ ಮುಖ ಮಾಡಿರುವುದೂ ಬಿಸಿಲು ತಪ್ಪಿಸಲೆಂದೇ. ಒಮ್ಮೆ ಇಟ್ಟ ಜಾಗವನ್ನು ಮಾತ್ರ ಬದಲಿಸಬೇಡಿ.

ಉತ್ತರ: ಡೊಂಬಿವಲಿ, ಮುಂಬಯಿ

ಪಾಷಾಣದವರು ಉಷ್ಣಾಂಶದ ಬಗ್ಗೆ ಹೇಳಿದ್ದಕ್ಕೆ ಗಾಳಿಯ ದಿಕ್ಕನ್ನು ಸೇರಿಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ಚಳಿಗಾಲದ ದಾಖಲೆಯಲ್ಲಿ ಗಾಳಿಯ ದಿಕ್ಕಿಲ್ಲದಿದ್ದರೆ ಅರ್ಧ ವಿಷಯವೇ ಇಲ್ಲದಂತೆ. ಉತ್ತರ ಭಾರತದ ಮೇಲೆ ಪಶ್ಚಿಮದ ಕ್ಷೋಭೆ (ಪಶ್ಚಿಮದಿಂದ ಮೋಡ ಮಳೆ ಹೊತ್ತು ಬರುವ ಹವೆಯ ವ್ಯವಸ್ಥೆ) ಹಾದುಹೋಗುವ ಮುಂಚೆ ನಮ್ಮ ಕಡೆ ಉತ್ತರದ ಗಾಳಿ ಸೊರಗಿ ರಾತ್ರಿಗಳು ಬೆಚ್ಚಗಾಗುತ್ತವೆ. ಅದು ದಾಟಿಹೋದ ಮೇಲೆ ರಾಜಸ್ಥಾನ ಗುಜರಾತುಗಳಿಂದ ಒಣಗಾಳಿ ಇಳಿಯುತ್ತದೆ. ದ್ರಾಕ್ಷಿಯ ಸೀಮೆಯಾದ ನಾಸಿಕದ ನಿಫಾಡ್ ಅಂಕಿಯನ್ನು ಪತ್ರಿಕೆಯಲ್ಲಿ ನೋಡುತ್ತಿರಿ, ಥಂಡಿ ಸಾಮಾನ್ಯವಾಗಿ ಅಲ್ಲಿ ಮೊದಲು ಮುಟ್ಟುತ್ತದೆ. ಗಾಳಿ ಪೂರ್ವದಿಂದಲೋ ಆಗ್ನೇಯದಿಂದಲೋ ಬೀಸತೊಡಗಿದರೆ ಬಂಗಾಳಕೊಲ್ಲಿಯ ತೇವ ಬಂದು ಮೋಡ ಕಟ್ಟುತ್ತದೆ. ಆಗ ಕನಿಷ್ಠ ಏರಿ ಗರಿಷ್ಠ ಇಳಿಯುತ್ತದೆ.

ನಮ್ಮ ಮುಂಬಯಿಯ ಲೆಕ್ಕವೇ ಬೇರೆ. ಇಲ್ಲಿ ಸಾಂತಾಕ್ರೂಜ್ ಮತ್ತು ಕೊಲಾಬಾ ಎಂಬ ಎರಡು ವೀಕ್ಷಣಾಲಯಗಳಿವೆ. ಸಾಂತಾಕ್ರೂಜ್‌ನಲ್ಲಿ 22 ಜನವರಿ 1962ರಂದು 7.4 ಡಿಗ್ರಿ ದಾಖಲಾಗಿತ್ತು, ಆದರೆ ಕೊಲಾಬಾ ಸಮುದ್ರಕ್ಕೆ ಅಂಟಿಕೊಂಡಿರುವುದರಿಂದ ಅಲ್ಲಿ ರಾತ್ರಿಗಳು ಅಷ್ಟು ಇಳಿಯುವುದಿಲ್ಲ. ಹಗಲಿನ ಮಾತು ಇನ್ನೂ ವಿಚಿತ್ರ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬೀಸಿದರೆ ಬಿಸಿ ತಡೆಯುತ್ತದೆ. ಪೂರ್ವದ ಗಾಳಿ ಜೋರಾಗಿದ್ದು ಅದನ್ನು ತಡಮಾಡಿದರೆ, ಘಟ್ಟ ಇಳಿದು ಬರುವಾಗ ಇನ್ನಷ್ಟು ಬಿಸಿಯಾದ ಒಣಗಾಳಿ ಜನವರಿಯಲ್ಲೂ 35 ಡಿಗ್ರಿ ತೋರಿಸಬಲ್ಲದು. ಬೆಳಗಿನ ಲೋಕಲ್‌ನಲ್ಲಿ ಸ್ವೆಟರ್ ತೊಟ್ಟವರೇ ಮಧ್ಯಾಹ್ನ ಬೆವರು ಒರೆಸಿಕೊಳ್ಳುವ ದಿನಗಳು ಇವು.

ಮಳೆಯನ್ನೂ ಬರೆಯುವುದಾದರೆ 8.30ರ ನಿಯಮ ಅದಕ್ಕೂ ಅನ್ವಯಿಸುತ್ತದೆ. 1 ಡಿಸೆಂಬರ್ 2021ರಂದು ಮುಂಬಯಿ ಪುಣೆಗಳಲ್ಲಿ ದಿನವಿಡೀ ಸುರಿದ ಅಕಾಲಿಕ ಮಳೆಯ ಬಹುಭಾಗ ಇಲಾಖೆಯ ಲೆಕ್ಕದಲ್ಲಿ 2ನೆಯ ತಾರೀಖಿಗೆ ಸೇರುತ್ತದೆ.

ಪ್ರಶ್ನೆ ಕೇಳಿದವರು: ಕೋಥ್ರೂಡ್

ಇಬ್ಬರಿಗೂ ಅನಂತ ಧನ್ಯವಾದಗಳು. ಗಾಳಿಯ ದಿಕ್ಕನ್ನು ನಮ್ಮ ಕಟ್ಟಡಗಳ ನಡುವೆ ಅಳೆಯುವುದು ಕಷ್ಟ, ಸಂದಿಯಲ್ಲಿ ಅದು ಎತ್ತೆತ್ತಲೋ ತಿರುಗುತ್ತದೆ. ಗಚ್ಚಿಗೆ ಹೋಗಿ ದೂರದ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡಿ ಬರೆದರೆ ಸಾಕೇ? ಗಚ್ಚಿಯಿಂದ ಸಿಂಹಗಡದ ಮೇಲಿನ ಟಿವಿ ಗೋಪುರ ಕಾಣುತ್ತದೆ; ಕೆಲವು ಮುಂಜಾವು ಅದು ಸಂಪೂರ್ಣ ಮಾಯವಾಗಿರುತ್ತದೆ. ಇದನ್ನೂ ಬರೆಯಬಹುದೇ? ವಿಜಯಪುರದ ತಮ್ಮನಿಗಂತೂ ನನ್ನ ಡಿಗ್ರಿಗಳಿಗಿಂತ ಮೋಡದ ಸುದ್ದಿಯೇ ಬೇಕು. ಮೋಡ ನಾಲ್ಕು ದಿನ ನಿಂತರೆ ಕಡಲೆಗೆ ಕಾಯಿಕೊರಕದ ಕಾಟ ಹೆಚ್ಚುತ್ತದೆ ಎಂಬ ಚಿಂತೆ ಅವನಿಗೆ.

ಉತ್ತರ: ಪಾಷಾಣ

ಖಂಡಿತ ಬರೆಯಿರಿ. ಗೋಪುರ ಸ್ಪಷ್ಟ, ಮಸುಕು, ಕಾಣದು ಎಂಬ ಮೂರು ಮಾತು ಸಾಕು. ಥಂಡಿಯ ಬೆಳಗಿನಲ್ಲಿ ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇರುವುದರಿಂದ ಊರಿನ ಹೊಗೆ ದೂಳುಗಳು ಮುಚ್ಚಳ ಹಾಕಿದಂತೆ ತಗ್ಗಿನಲ್ಲೇ ಉಳಿಯುತ್ತವೆ. ಗೋಪುರ ಕಾಣದಿದ್ದಾಗ ಅದು ಮಂಜೋ ಹೊಗೆಯೋ ಎಂಬುದನ್ನು ರೇಲಿಂಗ್ ಮೇಲಿನ ಇಬ್ಬನಿ ನೋಡಿ ಊಹಿಸಬಹುದು. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡವಿದೆ ಎಂದು ಬರೆಯುವುದು ವೀಕ್ಷಕರ ಪದ್ಧತಿ. ಮೋಡವನ್ನು ಮಲಗುವ ಮುಂಚೆಯೂ ಒಮ್ಮೆ ನೋಡಿ ಬರೆಯಿರಿ, ಏಕೆಂದರೆ ಕನಿಷ್ಠ ಉಷ್ಣಾಂಶವನ್ನು ನಿರ್ಧರಿಸುವುದು ರಾತ್ರಿಯ ಆಕಾಶವೇ. ಗಾಳಿಗೆ ಹೊಗೆಯ ವಾಲು ಸಾಕು. ಗೊತ್ತಾಗದ ದಿನ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಉತ್ತರ: ವಾಸ್ಕೋ, ಗೋವಾ

ನಮ್ಮಲ್ಲಿ ಉಷ್ಣಾಂಶ ಅಷ್ಟೊಂದು ಏರಿಳಿಯುವುದಿಲ್ಲ, ಹಾಗಾಗಿ ನಾನು ಇಬ್ಬನಿ ಮತ್ತು ಮಾವು, ಗೇರುಗಳ ಹೂವಿನ ದಿನಾಂಕಗಳನ್ನೇ ಹೆಚ್ಚಾಗಿ ಬರೆಯುತ್ತೇನೆ. ಮೋಡ ಕವಿದ ವಾರಗಳಲ್ಲಿ ಹೂವಿಗೆ ಕೀಟ ಹೆಚ್ಚೆಂದು ಇಲ್ಲಿನ ತೋಟದವರೂ ಹೇಳುತ್ತಾರೆ. ಹಡಪ್ಸರ್, ಲೋಹಗಾಂವ್ ಕಡೆಯ ಕನ್ನಡಿಗರು ಯಾರಾದರೂ ಬೆಳಗಿನ 8.30ಕ್ಕೇ ಓದಿ ಇಲ್ಲಿ ಹಾಕುವುದಾದರೆ, ಕೋಥ್ರೂಡಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.