‘ಗ್ರ್ಯಾಂಟ್’ಗೆ ಅನುದಾನ ಸರಿಯೇ? ‘ರಿಸ್ಟ್ರಿಕ್ಟೆಡ್ ಫಂಡ್’ಗೆ ಮುಡಿಪು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಕೈಜೋಡಿಸಿರುವ ಸಣ್ಣ ಟ್ರಸ್ಟ್‌ಗೆ ದಾನಿಗಳ ಲೆಕ್ಕ ಇಡುವ ತಂತ್ರಾಂಶ ಬೇಕಾಗಿದೆ. ಇಷ್ಟು ದಿನ ಟ್ಯಾಲಿ, ಎಕ್ಸೆಲ್ ಮತ್ತು ರಸೀದಿ ಪುಸ್ತಕದಲ್ಲೇ ಕಾಲ ಹಾಕಿದ್ದೇವೆ. ಈಗ ಸಿವಿಸಿಆರ್‌ಎಂ (CiviCRM) ಅನ್ನುವ ತಂತ್ರಾಂಶ ಹಾಕಿ ನೋಡುತ್ತಿದ್ದೇವೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಜೊತೆಗೆ ಪರದೆ ಮೇಲಿನ ಪದಗಳನ್ನು ನಮಗೆ ಬೇಕಾದ ಹಾಗೆ ಬದಲಿಸಬಹುದು. ರಸೀದಿ ಬರೆಯುವವರಿಗೆ ಕನ್ನಡವೇ ಸಲೀಸು. ಹಾಗಾಗಿ ಪದ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು.

‘ದಾನಿ’ ಬಗ್ಗೆ ತಕರಾರಿಲ್ಲ. ತೊಡಕು ‘ಗ್ರ್ಯಾಂಟ್’ನದು. ನಾವು “ಗ್ರ್ಯಾಂಟ್ ಬಂತಾ?” ಅಂತ ಕೇಳುತ್ತೇವೆ. ಸಿವಿಸಿಆರ್‌ಎಂನಲ್ಲಿ ಗ್ರ್ಯಾಂಟ್ ಅನ್ನುವ ಭಾಗ ಇರುವುದು ಸಂಸ್ಥೆ ಬೇರೆಯವರಿಗೆ ಕೊಡುವ ಹಣಕ್ಕೆ! ನಮಗೆ ಬರುವುದೆಲ್ಲ ಅಲ್ಲಿ ‘ಕಾಂಟ್ರಿಬ್ಯೂಷನ್’. ಎರಡು ದಿನ ತಪ್ಪು ಜಾಗದಲ್ಲಿ ತುಂಬಿಸಿದ ಮೇಲೆ ಗೊತ್ತಾಯಿತು.

‘ಅನುದಾನ’ ಹಾಕಿದರೂ ಗೋಜಲು ಬಿಡುವುದಿಲ್ಲ. ಆ ಪದ ಕೇಳಿದರೆ ಸರ್ಕಾರದ ದುಡ್ಡೇ ನೆನಪಾಗುತ್ತದೆ: ಅನುದಾನಿತ ಶಾಲೆ, ಶಾಸಕರ ಅನುದಾನ. ‘ಸಹಾಯಧನ’ ಅಂದರೆ ಹನಿ ನೀರಾವರಿ ಸಬ್ಸಿಡಿ. ಕಂಪನಿಯೊಂದು ಸಿಎಸ್‌ಆರ್‌ನಲ್ಲಿ (ಸಮಾಜದ ಕೆಲಸಕ್ಕೆಂದು) ಕೊಟ್ಟ ಹಣಕ್ಕೆ ಎರಡೂ ಹೊಂದುವುದಿಲ್ಲ.

ಯೋಚಿಸುತ್ತಾ ಹೋದಾಗ ಅನಿಸಿದ್ದು, ಯಾರು ಕೊಟ್ಟರು ಅನ್ನುವುದಕ್ಕಿಂತ ಆ ಹಣಕ್ಕೆ ಕಟ್ಟುಪಾಡು ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ. 2021-22ರ ಲೆಕ್ಕದಿಂದ ಶುರುವಾದ ಆದಾಯ ತೆರಿಗೆಯ ಫಾರಂ 10ಬಿಡಿ (ಬಂದ ದೇಣಿಗೆಗಳ ವಿವರ ಕೊಡುವ ಫಾರಂ) ಕೂಡ ಇದನ್ನೇ ಕೇಳುತ್ತಿತ್ತು: ಕೊಟ್ಟದ್ದು ಕಾರ್ಪಸ್‌ಗೋ (ಅಸಲು ಮುಟ್ಟದೆ ಇಡುವ ಮೂಲನಿಧಿ), ಇಂಥದ್ದೇ ಕೆಲಸಕ್ಕೋ, ಇತರೆಯೋ?

ಈ ಮೂರೂ ನಮ್ಮ ದೇವಸ್ಥಾನಗಳಲ್ಲಿ ಮೊದಲಿನಿಂದಲೂ ಇವೆ ಅಲ್ವಾ? ಹುಂಡಿಗೆ ಬಿದ್ದದ್ದನ್ನು ಯಾವ ಖರ್ಚಿಗೂ ಬಳಸಬಹುದು. ಶಾಶ್ವತ ಪೂಜೆಗೆ ಕೊಟ್ಟರೆ ಅಸಲು ಹಾಗೇ ಉಳಿದು ಬಡ್ಡಿಯಲ್ಲಿ ವರ್ಷಕ್ಕೊಂದು ಪೂಜೆ ನಡೆಯುತ್ತದೆ. ಇನ್ನು ಮುಡಿಪು. ತಿರುಪತಿಗೆಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ದುಡ್ಡನ್ನು, ಮನೆಯಲ್ಲಿ ಅಕ್ಕಿ ಮುಗಿದಿದ್ದರೂ ನಮ್ಮಜ್ಜಿ ಮುಟ್ಟುತ್ತಿರಲಿಲ್ಲ. ರಿಸ್ಟ್ರಿಕ್ಟೆಡ್ ಫಂಡ್, ಅಂದರೆ ಇಂಥದ್ದೇ ಕೆಲಸಕ್ಕೆ ಅಂತ ಕೊಟ್ಟ ಹಣ, ಅದೂ ಹೀಗೇ ತಾನೇ?

ಹಾಗಾಗಿ ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ಕಟ್ಟುಪಾಡಿಲ್ಲದ್ದು ಸುಮ್ನೆ ‘ದೇಣಿಗೆ’. ಕಾರ್ಪಸ್ ‘ದತ್ತಿ ನಿಧಿ’. ಶಾಸನಗಳ ಕಾಲದ ಪದ, ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸದಿಂದ ಇವತ್ತಿಗೂ ಎಲ್ಲರಿಗೂ ಗೊತ್ತು. ಇಂಥದ್ದೇ ಕೆಲಸಕ್ಕೆ ಬಂದದ್ದು ‘ಮುಡಿಪು ನಿಧಿ’. ನಾವೇ ಹೊರಗೆ ಕೊಡುವುದಕ್ಕೆ ‘ನೆರವು’.

ನಮ್ಮ ಲೆಕ್ಕ ಬರೆಯುವವರು ಮುಡಿಪನ್ನು ಒಪ್ಪುತ್ತಿಲ್ಲ. “ಅದು ದೇವರ ದುಡ್ಡು ಸರ್, ಆಡಿಟರ್ ನಗ್ತಾರೆ” ಅಂತಾರೆ. ಅವರ ಸಲಹೆ ‘ನಿರ್ಬಂಧಿತ ನಿಧಿ’. ನನಗೋ ಅದು ಯಾರೋ ಖಾತೆ ಮುಟ್ಟುಗೋಲು ಹಾಕಿದ ಹಾಗೆ ಕೇಳಿಸುತ್ತದೆ. ಸಮಾಜಸೇವೆಗೆ ಬದುಕನ್ನೇ ಮುಡಿಪಾಗಿಟ್ಟರು ಅನ್ನುವಾಗ ದೇವರು ಎಲ್ಲಿ ಬಂದ?

ಎರಡು ಪ್ರಶ್ನೆ. ನಿಮ್ಮ ಕಡೆ ಶಾಲೆಗೋ ಕೆರೆಗೋ ಎತ್ತಿಟ್ಟ ಹಣಕ್ಕೆ ಮುಡಿಪು ಅನ್ನುತ್ತಾರಾ, ಅಥವಾ ಬೇರೆ ಪದ ಇದೆಯಾ? ಇನ್ನೊಂದು ‘ಪ್ಲೆಡ್ಜ್’: ಕೊಡುತ್ತೇನೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ‘ವಾಗ್ದಾನ’ ಚುನಾವಣೆಯ ಮಾತಾಯಿತು. ‘ಬಾಕಿ’ ಅಂತ ಪತ್ರ ಹೋದರೆ ದಾನಿ ಮತ್ತೆ ನಮ್ಮ ಕಡೆ ತಲೆ ಹಾಕುವುದಿಲ್ಲ.